ರೋಡ್‌ಕಿಂಗ್‌ನ ಚಾಸಿಸ್ ಮೇಲೆ ಲೋಹ ಕತ್ತರಿಸುವ ಗ್ರೈಂಡರ್ ಇಡುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ‘ಕೆಫೆ ರೇಸರ್’ (ಭಾಗಗಳನ್ನು ಕಿತ್ತು ರೇಸ್ ಗಾಡಿಯಂತೆ ಕಾಣಿಸುವ ಬೈಕ್) ಮಾಡಿಕೊಂಡ ಯುವಕರೊಬ್ಬರ ಬಗ್ಗೆ ಚಿತ್ರಗಳ ಸಮೇತ ಅರ್ಧ ಪುಟದ ಲೇಖನ ಬಂದಿತ್ತು. ಹಿಂದಿನ ಮಡ್‌ಗಾರ್ಡ್ ಇಲ್ಲ, ಚಾಸಿಸ್‌ನ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿನ, ಹಿಂಭಾಗ ಕತ್ತರಿಸಿದೆ, ಜೋಡಿ ಸೈಲೆನ್ಸರ್ ಹೋಗಿ ಮೋಟು ಕೊಳವೆ ಬಂದಿದೆ, ಟ್ಯಾಂಕ್ ಬೇರೆ ಯಾವುದೋ ಗಾಡಿಯದು. ‘ಹೊರದೇಶಗಳಲ್ಲಿ ಹೆಸರಾಂತ ಸ್ಪೋರ್ಟ್ಸ್ ಕಾರುಗಳನ್ನೇ ಬಿಚ್ಚಿ ಮಾರ್ಪಾಡು ಮಾಡುತ್ತಾರೆ, ನಾನು ನನ್ನ ಬೈಕನ್ನು ಮಾಡಿಸಿಕೊಂಡರೆ ತಪ್ಪೇನು?’ ಎಂದು ಅವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಜಾವಾ, ಯೆಜ್ಡಿ ಗಾಡಿಗಳ ರಿಪೇರಿಯನ್ನೇ ನಂಬಿ ಮೈಸೂರಿನಲ್ಲಿ ಬದುಕು ಕಟ್ಟಿಕೊಂಡವನು ನಾನು. ಅದಕ್ಕೆ ಉತ್ತರ ಬರೆಯದೆ ಸುಮ್ಮನಿರಲು ಆಗಲಿಲ್ಲ.

ಮೊದಲು ಅವರು ಹೇಳಿದ ಸ್ಪೋರ್ಟ್ಸ್ ಕಾರುಗಳನ್ನೇ ನೋಡೋಣ. ಜರ್ಮನಿಯ ಪೋರ್ಷೆ ಕಂಪನಿ ತನ್ನ ಹಳೆಯ 911 ಕಾರುಗಳಿಗೆ ಇಂದಿಗೂ ಬಿಡಿಭಾಗ ಒದಗಿಸುತ್ತದೆ. ಜಪಾನಿನ ಮಜ್ದಾ 1989ರಲ್ಲಿ ಬಿಡುಗಡೆ ಮಾಡಿದ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಕಾರಿಗೆ 2017ರಲ್ಲಿ ತಾನೇ ಪುನರುಜ್ಜೀವನ ಯೋಜನೆ ಪ್ರಕಟಿಸಿತು. ಅಂದಿನ ಕಾರಿಗೆ ಹಾಕುತ್ತಿದ್ದ ಟಯರನ್ನು ಬ್ರಿಡ್ಜ್‌ಸ್ಟೋನ್ ಅದಕ್ಕಾಗಿಯೇ ಮತ್ತೆ ತಯಾರಿಸಿಕೊಟ್ಟಿತು. ಇಂಗ್ಲೆಂಡಿನ ಎಂಜಿಬಿ ಕಾರಿನ ವಿಚಾರ ಇನ್ನೂ ಸ್ಪಷ್ಟ. ಅದನ್ನು ತಯಾರಿಸುತ್ತಿದ್ದ ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೆ 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಆ ಕಾರಿನ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರುತ್ತಿದೆ. ಅಲ್ಲಿನ ಒಬ್ಬ ಮಾಲೀಕ ಆಸೆಪಟ್ಟು ಕಾರನ್ನು ಕತ್ತರಿಸಿ, ಹತ್ತು ವರ್ಷದ ಮೇಲೆ ಮನಸ್ಸು ಬದಲಿಸಿದರೆ ಹಿಂದಿರುಗಲು ದಾರಿ ಇದೆ. ಹಣ ಖರ್ಚಾದೀತು, ಕಾರು ಮಾತ್ರ ಕಳೆದುಹೋಗುವುದಿಲ್ಲ.

ನಮ್ಮ ರೋಡ್‌ಕಿಂಗ್‌ಗೆ ಆ ದಾರಿ ಇಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಾವಾ ಬೈಕ್‌ಗಳ ತಯಾರಿಕೆ ಆರಂಭಿಸಿ, ಮುಂದೆ ಯೆಜ್ಡಿ ಬೈಕ್‌ಗಳನ್ನೂ ತಂದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಚಾಸಿಸ್ ಜೋಡಿಸುವ ಅಚ್ಚುಗಳು, ಟ್ಯಾಂಕ್ ಒತ್ತುವ ಡೈಗಳು ಎಲ್ಲದರ ಕೆಲಸವೂ ಅಲ್ಲಿಗೇ ನಿಂತಿತು. ಇಂದು ಮಾರುಕಟ್ಟೆಯಲ್ಲಿ ಸಿಗುವ ಹೊಸ ಮಡ್‌ಗಾರ್ಡ್, ಹೊಸ ಸೈಲೆನ್ಸರ್‌ಗಳನ್ನು ಹಳೆಯದನ್ನು ನೋಡಿ ಯಾರೋ ಮಾಡಿದ್ದಾರೆ. ತಗಡು ತೆಳು, ಬೋಲ್ಟಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ, ಕ್ರೋಮಿಯಂ ಒಂದು ಮಳೆಗಾಲ ದಾಟಿದರೆ ಹೆಚ್ಚು. ಚಾಸಿಸ್ ಅಂತೂ ನಕಲಿ ಕೂಡ ಸಿಗದು. ಆದ್ದರಿಂದ ಒಂದು ರೋಡ್‌ಕಿಂಗ್ ಕತ್ತರಿಸಿದರೆ ಜಗತ್ತಿನಲ್ಲಿ ಒಂದು ರೋಡ್‌ಕಿಂಗ್ ಕಡಿಮೆಯಾಯಿತು ಎಂದೇ ಲೆಕ್ಕ. ಪೋರ್ಷೆಯ ಉದಾಹರಣೆ ಇಲ್ಲಿ ಸಲ್ಲದಿರುವುದು ಇದೇ ಕಾರಣಕ್ಕೆ.

ಗಾಡಿ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಏಕೆಂದರೆ ಮಾರ್ಪಾಡಿನಿಂದ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಹುಡುಗರಲ್ಲಿ ಬೇರೂರಿದೆ. ರೋಡ್‌ಕಿಂಗ್‌ನದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಹೊಗೆ ಹೊರಹೋಗಲು ದಾರಿ ಎರಡು. ಅದಕ್ಕೇ ಜೋಡಿ ಸೈಲೆನ್ಸರ್. ಕಾರ್ಖಾನೆಯ ಲೆಕ್ಕದಲ್ಲಿ 16 ಅಶ್ವಶಕ್ತಿ. ಮೊದಲು ಬಂದ ಜಾವಾದಲ್ಲಿ ಇದ್ದದ್ದು 12. ಬೋರ್ (ಸಿಲಿಂಡರ್‌ನ ಒಳ ಅಗಲ) 65 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿಲಿಮೀಟರ್ ಎಂಬ ಅದೇ ಅಳತೆಯೊಳಗೆ ನಮ್ಮ ಕಾರ್ಖಾನೆ ಅಲ್ಲಿಂದ ಇಲ್ಲಿಗೆ ತಂದು ನಿಲ್ಲಿಸಿತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಸೈಲೆನ್ಸರ್ ಇರುವುದು ಸದ್ದು ಅಡಗಿಸಲು ಮಾತ್ರವಲ್ಲ. ಕವಾಟ ಇಲ್ಲದ ಎಂಜಿನ್ ಅದು. ಸುಟ್ಟ ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತಿರುತ್ತದೆ. ಆ ಮಿಶ್ರಣವೂ ಹೊಗೆಯ ಹಿಂದೆಯೇ ಹೊರಟುಹೋಗದಂತೆ ತಡೆದು ಹಿಂದಕ್ಕೆ ತಳ್ಳುವುದು ಸೈಲೆನ್ಸರ್‌ನಿಂದ ಮರಳಿ ಬರುವ ಒತ್ತಡದ ಅಲೆ. ಸೈಲೆನ್ಸರ್‌ನ ಉದ್ದ, ದಪ್ಪ, ಒಳಗಿನ ಬ್ಯಾಫಲ್ (ಹೊಗೆಗೆ ಅಡ್ಡ ನಿಲ್ಲುವ ತಗಡು) ಎಲ್ಲವನ್ನೂ ಆ ಅಲೆಯನ್ನು ಗಮನದಲ್ಲಿಟ್ಟು ಮಾಡಿರುತ್ತಾರೆ. ಬ್ಯಾಫಲ್ ಕಿತ್ತು ಮೋಟು ಕೊಳವೆ ಹಾಕಿದರೆ ಬೀದಿ ನಡುಗುವಷ್ಟು ಸದ್ದು ಬರುತ್ತದೆ, ಒಂದಷ್ಟು ಮಿಶ್ರಣ ಸುಡದೆ ಹೊರಗೆ ಹೋಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಇಬ್ಬರು ಕೂತಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಎಳೆತ ಸತ್ತಿರುತ್ತದೆ, ಮೈಲೇಜ್ ಬಿದ್ದಿರುತ್ತದೆ.

ಏರ್ ಫಿಲ್ಟರ್ ಡಬ್ಬಿ ತೆಗೆದು, ಗಾಳಿ–ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಬಾಯಿಗೆ ಬಣ್ಣದ ಜಾಲರಿ ಸಿಕ್ಕಿಸುವುದು ಇನ್ನೂ ಅಪಾಯ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಈ ಎಂಜಿನ್‌ಗೆ ಆಯಿಲ್ ಸಿಗುವುದೇ ಪೆಟ್ರೋಲ್‌ನಲ್ಲಿ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆಯಾದಂತೆ, ಬಿಸಿ ಏರಿದಂತೆ. ಬೆಂಗಳೂರು ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಪಿಸ್ಟನ್ ಸೀಜ್ ಮಾಡಿಕೊಂಡು (ಸಿಲಿಂಡರ್‌ನಲ್ಲಿ ಕಚ್ಚಿ ನಿಂತು) ನನ್ನ ಅಂಗಡಿಗೆ ಬರುವ ಗಾಡಿಗಳಲ್ಲಿ ಈ ಜಾಲರಿ ಇಲ್ಲದ್ದು ಅಪರೂಪ. ಪಿಸ್ಟನ್ ಹೊರಗೆ ತೆಗೆದರೆ ಎಕ್ಸಾಸ್ಟ್ ಕಡೆಯ ಮೈ ಮೇಲಿಂದ ಕೆಳಗಿನವರೆಗೆ ಗೀರಿ, ಅಲ್ಯೂಮಿನಿಯಂ ಕರಗಿ ರಿಂಗ್‌ಗಳ ಮೇಲೆ ಮೆತ್ತಿಕೊಂಡಿರುತ್ತದೆ. ಉಗುರು ಎಳೆದರೆ ಗೀರಿನಲ್ಲಿ ಸಿಕ್ಕಿ ನಿಲ್ಲುತ್ತದೆ.

ಚಾಸಿಸ್ ವಿಷಯಕ್ಕೆ ಬರುತ್ತೇನೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಸಿಕ್ಕುವುದು ಚಾಸಿಸ್‌ನ ಹಿಂಭಾಗಕ್ಕೆ. ಗುಂಡಿ ಹಾರಿದಾಗಲೆಲ್ಲ ಸವಾರನ ಭಾರ, ಗಾಡಿಯ ಭಾರ ಎಲ್ಲವೂ ಬಂದು ಬೀಳುವುದು ಅಲ್ಲಿಗೇ. ಈಚೆಗೆ ಒಬ್ಬ ಹುಡುಗ ತಂದ ಗಾಡಿಯಲ್ಲಿ ಆ ಭಾಗವನ್ನು ಕತ್ತರಿಸಿ, ಚಪ್ಪಟೆ ಸೀಟು ಕೂರಿಸಲು ಬೇರೆ ಕೊಳವೆ ಬಗ್ಗಿಸಿ ವೆಲ್ಡಿಂಗ್ ಮಾಡಿದ್ದರು. ಮೇಲೆ ದಪ್ಪಗೆ ಕಪ್ಪು ಬಣ್ಣ. ಗಾಡಿ ಬಾಲ ಆಡಿಸುತ್ತದೆ ಎಂಬುದು ಅವನ ದೂರು. ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ ಒರೆಸಿ, ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಕಾಣಲೆಂದು ಚಾಕ್‌ಪುಡಿ ಉಜ್ಜಿದೆ. ಬೆಸುಗೆಯ ಪಕ್ಕದಲ್ಲೇ, ಹಳೆಯ ಕೊಳವೆಯ ಮೈಮೇಲೆ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಎಣ್ಣೆ ಜಿನುಗಿಸುತ್ತಾ ಕೊಳವೆಯ ಅರ್ಧ ಸುತ್ತು ಹೋಗಿತ್ತು. ಬೆಸುಗೆಯ ಬಿಸಿಗೆ ಪಕ್ಕದ ಉಕ್ಕು ಪೆಡಸಾಗಿ, ಅಲುಗಾಟಕ್ಕೆ ಬಿರುಕು ಬಿಟ್ಟಿತ್ತು. ಹಿಂದೆ ಅವನ ತಂಗಿ ಕೂತು ದಿನಾ ಕಾಲೇಜಿಗೆ ಹೋಗುತ್ತಿದ್ದಳು. ಆ ಗಾಡಿಯನ್ನು ನಾನು ಅಂಗಡಿಯಿಂದ ಹೊರಗೆ ಬಿಡಲಿಲ್ಲ. ಅವನ ತಂದೆಯನ್ನೇ ಕರೆಸಿ ಗೆರೆಯನ್ನು ತೋರಿಸಿದೆ.

ಇಷ್ಟು ಹೇಳಿದೆನೆಂದು, ಒಂದು ನಟ್ಟೂ ಬದಲಾಗಬಾರದು ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಗಾಡಿ ಇರುವುದು ಓಡಿಸಲು. ಹಳೆಯ ಜಾವಾದ 6 ವೋಲ್ಟ್ ದೀಪದಲ್ಲಿ ಇಂದಿನ ರಾತ್ರಿ ರಸ್ತೆಗೆ ಇಳಿಯಬೇಡಿ ಎಂದು ನಾನೇ ಹೇಳುತ್ತೇನೆ, 12 ವೋಲ್ಟ್‌ಗೆ ಬದಲಿಸಿ ಕೊಡುತ್ತೇನೆ. ಎಂಜಿನ್‌ಗೆ ಕಿಡಿ ಕೊಡುವ ಪಾಯಿಂಟ್ ಸವೆದು ಸವೆದು ಬೇಸರಪಟ್ಟವರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುತ್ತೇನೆ. ಪಾಯಿಂಟ್ ಇದ್ದ ಹಳೆಯ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗೇ ಕೊಡುತ್ತೇನೆ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರ್ ಪೈಪು, ವಾಷರ್‌ಗಳು ಅದನ್ನು ತಾಳುವುದಿಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ. ಅಲ್ಲಿ ‘ಒರಿಜಿನಲ್’ ಎಂದು ಹಟ ಹಿಡಿದರೆ ಗಾಡಿಯೇ ಹಾಳು. ಪೈಪು ಬದಲಿಸಲೇಬೇಕು. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೂ ಸಹಜ. ಎಂಜಿನ್ ಸವೆದರೆ ಹೀಗೇ ಮಾಡಬೇಕೆಂಬುದು ತಯಾರಕರ ಎಣಿಕೆಯೇ ಆಗಿತ್ತು.

ನನ್ನ ಕಟ್ಟುನಿಟ್ಟು ಇಷ್ಟೇ: ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಬಹುದಾದದ್ದನ್ನು ಧಾರಾಳವಾಗಿ ಮಾಡಿ. ಸಿಲಿಂಡರ್ ಸವೆತದ ರಿಪೇರಿ ಬಿಟ್ಟು ಬೇರೆಲ್ಲೂ ಕತ್ತರಿಸುವುದು, ಬೆಸೆಯುವುದು, ಉಜ್ಜಿ ಸವೆಸುವುದು ಬೇಡ. ಇದೇ ಮಾತು ಬಣ್ಣಕ್ಕೂ ಅನ್ವಯಿಸುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ, ಗೀರು ಬಿದ್ದಿದೆ ಎಂಬ ಕಾರಣಕ್ಕೆ ಕೆರೆದು ಹೊಸ ಬಣ್ಣ ಹೊಡೆಸಬೇಡಿ. ಪಾಲಿಶ್ ಮಾಡಿ ಬಿಡಿ. ಹೊಸ ಬಣ್ಣ ಯಾವತ್ತು ಬೇಕಾದರೂ ಹೊಡೆಸಬಹುದು.

ಕಾನೂನಿನ ಮಾತು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ತಯಾರಕರು ನಮೂದಿಸಿದ್ದಕ್ಕೂ ಆರ್‌ಸಿಯಲ್ಲಿ ಇರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ನಮ್ಮ ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಗಳೇ ಪ್ರಕಟಿಸಿವೆ.

ದಂಡಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ಹೇಳಿಕೊಳ್ಳುವಂಥ ಮಾರ್ಪಾಡು ಆಗದೆ ಮೂಲ ರೂಪದಲ್ಲಿ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯ ಓಡಿಸುವಂತಿಲ್ಲ, ನಿಜ. ಪ್ರದರ್ಶನ, ರ‍್ಯಾಲಿಗಳಿಗೆ ಅಡ್ಡಿಯಿಲ್ಲ. ಈಗ ಲೆಕ್ಕ ಹಾಕಿ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಮೊದಲ ಗಾಡಿಗಳಿಗೆ 2028ರಲ್ಲಿ 50 ತುಂಬುತ್ತದೆ. ಇಂದು ಚಾಸಿಸ್ ಕತ್ತರಿಸಿಕೊಂಡ ಮಾಲೀಕ ಆ ದಿನ ಆರ್‌ಟಿಒ ಕಚೇರಿಯ ಬಾಗಿಲಲ್ಲಿ ನಿಂತು ಏನು ಹೇಳುತ್ತಾನೆ? ಹಳೆಯ ಗಾಡಿಗಳ ಮೇಲೆ ನಿರ್ಬಂಧ ಬಿಗಿಯಾಗುತ್ತಿರುವ ಈ ಕಾಲದಲ್ಲಿ ಮೂಲ ರೂಪ ಉಳಿಸಿಕೊಂಡವನಿಗೆ ಮಾತ್ರ ಆ ಬಾಗಿಲು ತೆರೆದಿರುತ್ತದೆ.

‘ನನ್ನ ಗಾಡಿ, ನನ್ನಿಷ್ಟ’ ಎನ್ನುವವರಿಗೂ ನನ್ನಲ್ಲಿ ಕೋಪವಿಲ್ಲ. ಕೈಯಿಂದ ಹೊಸದೇನನ್ನೋ ಕಟ್ಟಬೇಕೆಂಬ ಹಂಬಲ ಒಳ್ಳೆಯದು. ನಿಮ್ಮ ಚಿತ್ರದಲ್ಲಿದ್ದ ಆ ಸೀಟಿನ ಹೊಲಿಗೆ ನೋಡಿದರೆ ಆ ಯುವಕನಿಗೆ ಕೆಲಸದ ಮೇಲೆ ಪ್ರೀತಿ ಇದೆ ಎಂದು ತಿಳಿಯುತ್ತದೆ. ಅಂಥವರು ಪ್ರದರ್ಶನಕ್ಕಾಗಿ ಗಾಡಿ ಕಟ್ಟುವುದಾದರೆ ಗುಜರಿಯಲ್ಲಿ ಚಾಸಿಸ್ ಕೊಳೆತು ಕಾಗದಪತ್ರವೂ ಇಲ್ಲದೆ ಬಿದ್ದಿರುವ ಎಂಜಿನ್‌ಗಳನ್ನು ಎತ್ತಿಕೊಳ್ಳಲಿ, ನಾನು ಕಾಸು ಕೇಳದೆ ಬುದ್ಧಿಮಾತು ಹೇಳುತ್ತೇನೆ. ರಸ್ತೆಯಲ್ಲಿ ಯೆಜ್ಡಿ ಹೆಸರಿನ ಗಾಡಿಯೇ ಬೇಕೆಂದರೆ 2022ರ ಜನವರಿಯಿಂದ ಹೊಸ ಕಂಪನಿಯ 334 ಸಿಸಿ ಗಾಡಿಗಳು ಬಂದಿವೆ. ಅವಕ್ಕೆ ಬಿಡಿಭಾಗ ಉಂಟು, ಷೋರೂಮ್ ಉಂಟು. ಸರಿಯಾಗಿ ಓಡುತ್ತಿರುವ, ಆರ್‌ಸಿ ಸಮೇತ ಕೈಗೆ ಬಂದ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆ ಎರಡೂ ದಾಖಲೆಗೆ ತಾಳೆಯಾಗುವ ರೋಡ್‌ಕಿಂಗ್ ಮೇಲೆ ಮಾತ್ರ ಗ್ರೈಂಡರ್ ಇಡಬೇಡಿ. ಅಂಥ ಗಾಡಿ ಇನ್ನೊಂದು ಹುಟ್ಟುವುದಿಲ್ಲ.

ಪತ್ರಿಕೆಗೆ ನನ್ನ ಬೇಡಿಕೆಗಳು ಎರಡು. ಮಾರ್ಪಾಡು ಮಾಡಿದವರ ಚಿತ್ರ ಹಾಕಿದಷ್ಟೇ ಜಾಗವನ್ನು, ತಂದೆಯ ಗಾಡಿಯನ್ನು ಹಾಗೇ ಉಳಿಸಿಕೊಂಡು ಓಡಿಸುತ್ತಿರುವವರಿಗೂ ಕೊಡಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದಂದು ಬೆಂಗಳೂರಿನಲ್ಲಿ ಅಂಥವರು ಸಾಲುಗಟ್ಟಿ ಬರುತ್ತಾರೆ, ನಿಮ್ಮ ವರದಿಗಾರರನ್ನು ಕಳುಹಿಸಿ. ವಿಂಟೇಜ್ ನೋಂದಣಿಗೆ ಯಾವ ಅರ್ಜಿ, ಯಾವ ದಾಖಲೆ, ಯಾವ ಕಚೇರಿ ಎಂಬುದನ್ನು ಸಾರಿಗೆ ಇಲಾಖೆಯಿಂದ ಕೇಳಿ ಕನ್ನಡದಲ್ಲಿ ವಿವರವಾಗಿ ಪ್ರಕಟಿಸಿ. ನನ್ನ ಅಂಗಡಿಗೆ ಬರುವ ಬಹುಪಾಲು ಮಾಲೀಕರಿಗೆ ಹೀಗೊಂದು ನಿಯಮ ಇದೆ ಎಂಬುದೇ ತಿಳಿದಿಲ್ಲ.

ಕಡೆಯದಾಗಿ, ನಿಮ್ಮ ಲೇಖನದ ಆ ಯುವಕನಿಗೆ ಒಂದು ಮಾತು ಮುಟ್ಟಿಸಿ. ಬಿಚ್ಚಿದ ಟ್ಯಾಂಕ್, ಮಡ್‌ಗಾರ್ಡ್, ಜೋಡಿ ಸೈಲೆನ್ಸರ್, ಸೈಡ್ ಪ್ಯಾನೆಲ್ ಇನ್ನೂ ಮನೆಯಲ್ಲಿದ್ದರೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಟ್ಯಾಂಕ್ ಒಳಗೆ ಆಯಿಲ್ ಸುರಿದು ಅಲುಗಾಡಿಸಿ, ಬಾಯಿ ಮುಚ್ಚಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕತ್ತರಿಸಿದ ಚಾಸಿಸ್‌ನ ತುಂಡು ಸಿಕ್ಕರೆ ಅದನ್ನೂ ಇಡಿ. ಅಳತೆ ಹಿಡಿಯಲು ಬೇಕಾಗುತ್ತದೆ. ಮೈಸೂರಿಗೆ ಬಂದಾಗ ಗಾಡಿಯನ್ನು ಒಮ್ಮೆ ನನ್ನ ಅಂಗಡಿಗೆ ತರಲಿ, ಆ ಬೆಸುಗೆಯನ್ನು ನಾನು ನೋಡಬೇಕು.

ಇಂತಿ,
ಒಬ್ಬ ಮೆಕ್ಯಾನಿಕ್,
ಮಂಡಿ ಮೊಹಲ್ಲಾ, ಮೈಸೂರು