ನಮ್ಮ ಕರಿಹಂದಿಗೂ ಒಂದು ಹೆಸರು ಕೊಡಿಸಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಚಳ್ಳಕೆರೆ ತಾಲ್ಲೂಕಿನಿಂದ, ಹಂದಿ ಸಾಕುವ ಒಬ್ಬ ಹೆಣ್ಣುಮಗಳ ನಮಸ್ಕಾರಗಳು.

ನಮ್ಮ ಮನೆಯಲ್ಲಿ ಈಗ 14 ಹೆಣ್ಣು ಹಂದಿ, 1 ಗಂಡು ಇವೆ. ಎಲ್ಲವೂ ಕರಿಹಂದಿ. ಉದ್ದ ಮೂತಿ, ಬೆನ್ನಿನ ಮೇಲೆ ಗಡುಸು ಕೂದಲು. ಸಿಟ್ಟು ಬಂದರೆ ಆ ಕೂದಲು ನೆಟ್ಟಗೆ ಎದ್ದು ನಿಲ್ಲುತ್ತದೆ. ಮರಿ ಹಾಕುವ ಹಿಂದಿನ ದಿನ ಹೆಣ್ಣು ಹಂದಿಯನ್ನು ನೀವು ನೋಡಬೇಕು ಸಾರ್. ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಬೇಲಿ ಮೂಲೆಗೆ ಹೋಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಸಂಜೆ ಹೊತ್ತಿಗೆ ಅಲ್ಲೊಂದು ಗೂಡು ಆಗಿರುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಮ್ಮ ಮಾವನವರ ಕಾಲದಲ್ಲಿ ಸುತ್ತಮುತ್ತ ಹಂದಿ ಸಾಕುವವರ ಮನೆಯಲ್ಲೆಲ್ಲ ಇಂಥವೇ ಇದ್ದವು. ಈಗ ಹುಡುಕಿಕೊಂಡು ಹೋಗಬೇಕು.

ಬಿಳಿ ಹಂದಿಯನ್ನು ನಾವು ಸೀಮೆ ಹಂದಿ ಅನ್ನುತ್ತೇವೆ. ಯಾರ್ಕ್‌ಶೈರ್, ಲ್ಯಾಂಡ್‌ರೇಸ್ ಜಾತಿಯವು. ಅದರ ಮೇಲೆ ನನಗೇನೂ ಕೋಪವಿಲ್ಲ. ಒಂದು ಸಲಕ್ಕೆ ಹತ್ತು ಹನ್ನೆರಡು ಮರಿ ಹಾಕುತ್ತದೆ, ಬೇಗ ತೂಕ ಬರುತ್ತದೆ. ನಮ್ಮದು ಐದಾರು ಮರಿ ಹಾಕಿದರೆ ಹೆಚ್ಚು, ಬೆಳೆಯುವುದಕ್ಕೂ ವರ್ಷ ಬೇಕು. ಅದಕ್ಕೇ ಜನ ಬಿಳಿ ಗಂಡನ್ನು ತಂದು ಕರಿ ಹೆಣ್ಣಿಗೆ ಬಿಟ್ಟರು. ನಾವೂ ಒಮ್ಮೆ ಒಂದು ಯೋಜನೆಯಲ್ಲಿ ಬಂದ ಬಿಳಿ ಮರಿಗಳನ್ನು ಸಾಕಿದ್ದೆವು. ಏಪ್ರಿಲ್ ಬಿಸಿಲಿಗೆ ಅವುಗಳ ಬೆನ್ನಿನ ಚರ್ಮ ಕೆಂಪಾಗಿ ಸುಲಿಯಿತು. ಮಾರಲು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗುವಾಗ ಎರಡು ದಾರಿಯಲ್ಲೇ ಸತ್ತವು. ಹಂದಿಗೆ ನಮ್ಮ ಹಾಗೆ ಬೆವರಲು ಬರುವುದಿಲ್ಲ. ಕೆಸರು ಇಲ್ಲದಿದ್ದರೆ ನೆರಳಾದರೂ ಬೇಕು.

ಬಾಡಿನ ವಿಷಯಕ್ಕೆ ಬರುತ್ತೇನೆ. ಆ ಬಿಳಿ ಹಂದಿಯ ಬಾಡನ್ನು ಬಾಣಲೆಗೆ ಹಾಕಿದಾಗ ನೀರು ಬಿಟ್ಟುಕೊಂಡು ತುಂಡು ಅರ್ಧಕ್ಕೆ ಕುಗ್ಗಿತು, ಬಣ್ಣವೂ ಪೇಲವ. ನಮ್ಮ ಕಡೆಯ ಪಶುವೈದ್ಯರೊಬ್ಬರು ಕಾರಣ ಬಿಡಿಸಿ ಹೇಳಿದರು. ತೆಳು ಬಾಡಿಗೆ ಅಂತಲೇ ಆರಿಸಿ ಬೆಳೆಸಿದ ಕೆಲವು ಸೀಮೆ ತಳಿಗಳಲ್ಲಿ ಒಂದು ಜೀನ್ ದೋಷ ಇರುತ್ತದಂತೆ. ವಿಜ್ಞಾನಿಗಳು ಅದನ್ನು 1991ರಲ್ಲಿ ಗುರುತಿಸಿದರು. ಆ ದೋಷ ಇರುವ ಹಂದಿ ಗಾಬರಿಯಾದರೆ ಮೈ ಬಿಸಿ ಏರಿ ದಾರಿಯಲ್ಲೇ ಸಾಯಬಹುದು. ಕೊಯ್ದ ಮೇಲೂ ಬಾಡು ಇನ್ನೂ ಬಿಸಿಯಿರುವಾಗಲೇ ಬೇಗ ಹುಳಿಯಾಗುತ್ತದೆ, ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗುತ್ತದೆ. ನಮ್ಮ ಎರಡಕ್ಕೂ ಅದೇ ಆಗಿತ್ತೋ, ಬರೀ ಬಿಸಿಲೋ, ಪರೀಕ್ಷೆ ಮಾಡಿಸದೆ ಹೇಳುವ ಹಾಗಿಲ್ಲ. ಆದರೆ ಕರಿಹಂದಿಯ ಬಾಡು ಬೇರೆಯೇ. ನೆಣ ಬರೀ ತೊಗಲಿನ ಕೆಳಗಲ್ಲ, ಬಾಡಿನ ಎಳೆಗಳ ಮಧ್ಯೆಯೂ ಇರುತ್ತದೆ. ಅದು ಕರಗುತ್ತಾ ಬಾಡು ಮೆತ್ತಗಾಗುತ್ತದೆ. ಎಣ್ಣೆಯೇ ಬೇಕಿಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಉಳಿದದ್ದನ್ನು ಮೂತಿಯಿಂದ ಕೆದಕಿ ತಿಂದ ಹಂದಿಯ ನೆಣ ಇನ್ನೂ ಮೆದು. ತಿಂದದ್ದು ನೆಣದಲ್ಲಿ ತಿಳಿಯುತ್ತದೆ ಅಂತ ನಮ್ಮ ಮಾವನವರು ಹೇಳುತ್ತಿದ್ದರು, ವೈದ್ಯರೂ ಹೌದು ಅಂದರು. ಸ್ಪೇನ್ ದೇಶದಲ್ಲಿ ಓಕ್ ಮರದ ಕಾಯಿ ತಿಂದು ಬೆಳೆದ ಐಬೇರಿಯನ್ ಕರಿಹಂದಿಯ ತೊಡೆ ಬಾಡು ಪ್ರಪಂಚದಲ್ಲೇ ಜಾಸ್ತಿ ಬೆಲೆಯ ಬಾಡುಗಳಲ್ಲಿ ಒಂದು. ಹಂಗೇರಿಯ ಮಂಗಲಿತ್ಸಾ ಅನ್ನುವ ನೆಣದ ಹಂದಿಯಂತೂ 1991ರ ಹೊತ್ತಿಗೆ 200 ಹೆಣ್ಣಿಗೂ ಕಡಿಮೆ ಉಳಿದಿತ್ತು. ಕೈ ಹಿಡಿದವರಿದ್ದರು, ಉಳಿಯಿತು.

ನನ್ನ ಭಯ ಇರುವುದು ಗಂಡಿನ ವಿಷಯದಲ್ಲಿ. ನಮ್ಮ ಗಂಡಿಗೆ ಈಗ 4 ವರ್ಷ. ಅದು ಕೂಡುವ ಹೆಣ್ಣುಗಳಲ್ಲಿ ಮೂರು ಅದರ ಮಕ್ಕಳೇ. ಹೋದ ಸಲ ಅದರಲ್ಲಿ ಒಂದು ನಾಲ್ಕೇ ಮರಿ ಹಾಕಿತು, ಎರಡು ಉಳಿಯಲಿಲ್ಲ. ವೈದ್ಯರು ಔಷಧಿ ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. 14 ಹೆಣ್ಣಿಗೆ ಒಂದೇ ಗಂಡು ಇದ್ದರೆ ಹುಟ್ಟುವ ಮರಿಗಳಿಗೆಲ್ಲ ಅಪ್ಪ ಒಂದೇ, ಹಾಗಾಗಿ 15 ಹಂದಿ ಕಣ್ಣಿಗೆ ಕಂಡರೂ ತಳಿಯ ಲೆಕ್ಕದಲ್ಲಿ 4 ಹಂದಿಯೂ ಇಲ್ಲ. ಆ ಲೆಕ್ಕ ಕನಿಷ್ಠ 50 ಆದರೂ ಇರಬೇಕಂತೆ. ಹೆಣ್ಣು ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ, ಸಂಬಂಧವಿಲ್ಲದ ಗಂಡು ಬರಬೇಕು.

ಆ ಗಂಡನ್ನು ಎಲ್ಲಿಂದ ತರಲಿ ಸಾರ್? ಹೊಳಲ್ಕೆರೆ ಕಡೆ ಕೇಳಿದೆ, ದಾವಣಗೆರೆ ಕಡೆ ಕೇಳಿಸಿದೆ. ಇರುವುದೆಲ್ಲ ಮಿಶ್ರ. ಕಚೇರಿಯೊಂದಕ್ಕೆ ಹೋದರೆ ಬಿಳಿ ಹಂದಿ ಬೇಕಾದರೆ ಅರ್ಜಿ ಕೊಡಿ ಅಂದರು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 10 ಗಂಡು ಸಾಕುವವರಿಗೆ 30 ಲಕ್ಷದವರೆಗೆ ಸಬ್ಸಿಡಿ ಇದೆ. ಒಳ್ಳೆಯದೇ. ಬೇಲಿ ಪಕ್ಕದಲ್ಲಿ ಹತ್ತು ಹದಿನೈದು ಹಂದಿ ಸಾಕುವ ಹಂದಿಜೋಗಿ, ಕೊರಮ, ಕೊರಚರ ಮನೆಗಳಿಗೆ ಅದು ಎಟುಕುತ್ತದಾ? ಕರಿಹಂದಿ ಉಳಿದಿದ್ದರೆ ಇಂಥ ಮನೆಗಳಲ್ಲೇ ಉಳಿದಿರುವುದು.

ನಮ್ಮ ತಾಲ್ಲೂಕಿನಲ್ಲೇ ಅಮೃತ್ ಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದಿಂದ ಆ ದನಗಳಿಗೆ ಹುಲ್ಲುಗಾವಲು ಇತ್ತು, ದಫ್ತರ ಇತ್ತು, ಅದಕ್ಕೇ ತಳಿ ಇಂದಿಗೂ ಇದೆ. ಹಂದಿಗೆ ಯಾರೂ ದಫ್ತರ ಇಡಲಿಲ್ಲ. 2012ರಲ್ಲಿ ದೇಶದಲ್ಲಿ 1 ಕೋಟಿ 3 ಲಕ್ಷ ಹಂದಿಗಳಿದ್ದವು, 2019ರ ಗಣತಿಯಲ್ಲಿ 90 ಲಕ್ಷಕ್ಕೆ ಇಳಿದಿವೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಸಿ ತಳಿಗಳನ್ನು ಹೆಸರಿಟ್ಟು ನೋಂದಾಯಿಸುತ್ತದೆ. ಪಕ್ಕದ ಗೋವಾದ ಅಗೊಂಡಾ ಗೋವನ್ ಹಂದಿಗೆ ಅಲ್ಲಿ ಹೆಸರಿದೆ. ನಮ್ಮ ಕರಿಹಂದಿಗೂ ಹಾಗೆ ಒಂದು ಹೆಸರು ಸಿಗಬೇಕು, ಅದಕ್ಕೇ ಈ ಕೋರಿಕೆ.

ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದವರನ್ನು ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಕಳಿಸಿ. ಯಾರ ಮನೆಯಲ್ಲಿ ಎಷ್ಟು ಕರಿಹಂದಿ ಇವೆ ಅಂತ ಎಣಿಸಲಿ. ಕಿವಿಗೆ ಓಲೆ ಹಾಕಲಿ, ರಕ್ತ ತೆಗೆದು ಯಾವುದು ಯಾವುದಕ್ಕೆ ಸಂಬಂಧ ಅಂತ ನೋಡಲಿ. ಬಾಡಿನ ಹುಳಿ, ನೆಣ, ಸೋರುವ ನೀರು ಅಳೆದು ಬರೆದಿಡಲಿ. ಆಮೇಲೆ ಒಂದು ಮನೆಯ ಗಂಡನ್ನು ಇನ್ನೊಂದು ಮನೆಗೆ ಬದಲಿ ಮಾಡಿಕೊಳ್ಳಲು ದಾರಿ ಮಾಡಿಕೊಡಿ. ರೋಗದ ಪರೀಕ್ಷೆ ಆಗದೆ ಬದಲಿ ಬೇಡ. 2020ರಲ್ಲಿ ಅಸ್ಸಾಂಗೆ ಬಂದ ಆಫ್ರಿಕನ್ ಹಂದಿ ಜ್ವರ ಹಟ್ಟಿ ಹಟ್ಟಿಯನ್ನೇ ಖಾಲಿ ಮಾಡಿದ್ದು ನಮಗೆ ಗೊತ್ತು.

ನಮ್ಮ ಹೆಣ್ಣುಗಳಲ್ಲಿ ಐದು ದೀಪಾವಳಿ ಹೊತ್ತಿಗೆ ಬೆದೆಗೆ ಬರುತ್ತವೆ. ಅಷ್ಟರೊಳಗೆ ಎಲ್ಲಾದರೂ ಒಂದು ಕರಿ ಗಂಡು ಸಿಕ್ಕರೆ ಬಂದು ಹೊತ್ತುಕೊಂಡು ಹೋಗಲು ನಾನು ತಯಾರಿದ್ದೇನೆ. ಬದಲಿಗೆ ಎರಡು ಹೆಣ್ಣು ಮರಿ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹಂದಿ ಸಾಕುವವಳು, ಚಳ್ಳಕೆರೆ ತಾಲ್ಲೂಕು