ಪೆಡಂಭೂತಕ್ಕೂ ಒಂದು ಮೈ ಇರಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪೆಡಂಭೂತಗಳ ಕತಾಸಂಕಲನವೊಂದರ ವಿಮರ್ಶೆ ನೋಡಿ, ಪುಸ್ತಕ ತರಿಸಿ ಓದಿದೆ. ಅನುವಾದವಲ್ಲ, ಮರುಮುದ್ರಣವಲ್ಲ, ಎಲ್ಲವೂ ಇದಕ್ಕೆಂದೇ ಹೊಸದಾಗಿ ಬರೆಸಿದ ಕತೆಗಳು. ಸಂತೋಷ. ಆದರೆ ಲೇಖಕರ ಕಲ್ಪನೆಗೆ ಎಲ್ಲೆಯೇ ಇಲ್ಲವೆಂದು ನಿಮ್ಮ ವಿಮರ್ಶಕರು ಹೊಗಳಿದ್ದಾರಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಎಲ್ಲೆ ಇಲ್ಲದ್ದರಿಂದಲೇ ಅರ್ಧಕ್ಕರ್ಧ ಕತೆಗಳು ಹೆದರಿಸುವುದಿಲ್ಲ.

ನಾನು ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಕತೆ ಓದುವಾಗಲೂ ಕೈಯಲ್ಲಿ ಪೆನ್ಸಿಲ್ ಇರಬೇಕು, ಹಳೆಯ ಚಾಳಿ. ಮುಗಿಲೆತ್ತರದ ದೈತ್ಯ ಓಡೋಡಿ ಬಂದರೆ ಪುಟದ ಅಂಚಿಗೆ ಒಂದು ಗೀಟು. ಮನುಷ್ಯನ ಮೈಯನ್ನು ಎಲ್ಲ ಕಡೆಗೂ ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟಾಗುತ್ತದೆ. ಅದನ್ನು ಹೊರಬೇಕಾದ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನೂರೇ ಪಟ್ಟು. ಅಂಥವನು ಹೆಜ್ಜೆ ಹೆಜ್ಜೆಗೂ ತೊಡೆಮೂಳೆ ಮುರಿದುಕೊಳ್ಳುತ್ತಾನೆಂದು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಇನ್ನೊಂದು ಗೀಟು, ಕಗ್ಗತ್ತಲಲ್ಲಿ ತಾವಾಗಿ ಉರಿಯುವ ಕಣ್ಣುಗಳಿಗೆ. ಬೆಕ್ಕಿನ ಕಣ್ಣು ಹೊಳೆಯಲೂ ಹೊರಗಿನ ಬೆಳಕು ಬೇಕು. ಅಕ್ಷಿಪಟಲದ ಹಿಂದಿರುವ ಪದರವೊಂದು ಅದನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ, ಅಷ್ಟೆ. ಹಾಗಾಗಿ ಟಾರ್ಚ್ ಹಿಡಿದವನಿಗೆ ಕಣ್ಣುಗಳು ಕಾಣುತ್ತವೆ, ದೂರ ಸರಿದು ನಿಂತ ಜೊತೆಗಾರನಿಗೆ ಕಾಣುವುದಿಲ್ಲ. ಅವನು ಇವನ ಮಾತು ನಂಬುವುದಿಲ್ಲ. ನೋಡಿ, ಕತೆ ಅಲ್ಲೇ ಇತ್ತು, ಯಾರೂ ಎತ್ತಿಕೊಳ್ಳಲಿಲ್ಲ!

ಕತೆಯಲ್ಲಿ ವಿಜ್ಞಾನವೇಕೆ ಎಂದು ಕೇಳುವವರು ಜ್ಯುವೆಲ್ ವಾಸ್ಪ್ ಎಂಬ ಹಸಿರು ಕಣಜದ ಕಸುಬನ್ನು ಒಮ್ಮೆ ನೋಡಬೇಕು. ಅದು ಜಿರಲೆಯ ಎದೆಗೆ ಒಮ್ಮೆ ಚುಚ್ಚಿ ಮುಂಗಾಲುಗಳನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ಎರಡನೇ ಸಲ ಚುಚ್ಚುವುದು ನೇರ ಮೆದುಳಿಗೆ. ಆಮೇಲೆ ಜಿರಲೆಗೆ ನಡೆಯುವ ಶಕ್ತಿ ಇರುತ್ತದೆ, ನಡೆಯಬೇಕೆನ್ನುವ ಇಚ್ಛೆ ಇರುವುದಿಲ್ಲ. ಕಣಜ ಅದರ ಕುಡಿಮೀಸೆಗಳನ್ನು ಅರ್ಧಕ್ಕೆ ಕಡಿದು, ಒಸರುವ ರಸ ಹೀರಿ, ಉಳಿದ ಮೋಟು ಮೀಸೆ ಹಿಡಿದು ಹಗ್ಗ ಕಟ್ಟಿದ ದನದಂತೆ ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಕಾಲಿನ ಮೇಲೆ ಒಂದು ಮೊಟ್ಟೆ ಇಟ್ಟು ಬಿಲದ ಬಾಯಿ ಮುಚ್ಚುತ್ತದೆ. ಮರಿಹುಳು ಒಳಗಿನಿಂದ ತಿನ್ನುವಾಗಲೂ ಜಿರಲೆಗೆ ಜೀವ ಇರುತ್ತದೆ. ಹೀಗೆ ಒಂದೊಂದೇ ಹಂತದಲ್ಲಿ ಬರುವ ಭಯವನ್ನು ನೂರು ಕೋರೆಹಲ್ಲು, ಇನ್ನೂರು ಕೈಗಳಿಂದ ತರಲಾಗದು.

ಸಂಕಲನದಲ್ಲಿ ಒಂದು ಕತೆ ಮಾತ್ರ ನನ್ನ ನಿದ್ದೆ ಕೆಡಿಸಿತು. ಅದರ ಜೀವಿಗೆ ಕಣ್ಣಿಲ್ಲ, ಕಿವಿಯಿಲ್ಲ; ಮೈಯ ಬಿಸಿಯ ಜಾಡು ಹಿಡಿದು ಬರುತ್ತದೆ. ಗುಳಿಮಂಡಲ ಹಾವಿಗೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಕುಳಿಗಳಿಂದ ಬಿಸಿ ಗೊತ್ತಾಗುತ್ತದಲ್ಲ, ಹಾಗೆ. ಇಷ್ಟನ್ನು ಮೊದಲೆರಡು ಪುಟಗಳಲ್ಲೇ ಹೇಳಿಬಿಟ್ಟು, ಕತೆಗಾರ್ತಿ ಆ ಮನೆಯ ಮಗುವಿಗೆ ಜ್ವರ ಬರಿಸುತ್ತಾರೆ. ಮುಂದಿನದ್ದು ಓದುಗರಿಗೇ ಗೊತ್ತು. ನಿಮ್ಮ ವಿಮರ್ಶೆಯಲ್ಲಿ ಈ ಕತೆಗೆ ಅರ್ಧ ಸಾಲೂ ಸಿಕ್ಕಿಲ್ಲ.

ಎರಡನೇ ಸಂಪುಟ ಬರಲಿದೆಯೆಂದು ಮುನ್ನುಡಿಯಲ್ಲಿದೆ. ಕತೆ ಕಳಿಸುವವರನ್ನು ಅದರ ಸಂಪಾದಕರು ಇಷ್ಟಾದರೂ ಕೇಳಲಿ: ನಿಮ್ಮ ಪೆಡಂಭೂತ ಏನು ತಿನ್ನುತ್ತದೆ, ಅದಕ್ಕೆ ಏನು ಮಾಡಲು ಬರುವುದಿಲ್ಲ? ಹಾಗೆಯೇ ಮುಖಪುಟಕ್ಕೆ ಅದರ ಚಿತ್ರ ಬೇಡ. ಈ ಸಲ ನಾಲ್ಕನೇ ಕತೆಯ ಗುಟ್ಟು ರಕ್ಷಾಪುಟದ ಮೇಲೇ ಬಾಯಿ ತೆರೆದು ಕೂತಿತ್ತು.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ