ಹೆಸರು ಹೇಳದೆ ಹೋದ ವಕೀಲರಿಗೆ

ರಾಯಚೂರಿನ ಸಹಾಯಕ ಆಯುಕ್ತರ ಕಚೇರಿ ಹತ್ತಿರ, ಬೇವಿನ ಮರದ ಕೆಳಗೆ ನಮ್ಮವ್ವನ ಪಕ್ಕ ಬಂದು ಕೂತ ವಕೀಲರೇ, ನಿಮಗೆ ಕೈಮುಗಿದು ನಮಸ್ಕಾರ.

ಮನೆಯನ್ನು ಅಣ್ಣನ ಹೆಸರಿಗೆ ದಾನಪತ್ರ ಮಾಡಿಕೊಟ್ಟ ಮೇಲೆ ಅವ್ವನಿಗೇ ಅಲ್ಲಿ ಜಾಗ ಇಲ್ಲದಂತಾಗಿತ್ತು. ನೀವು ಆ ಪತ್ರವನ್ನು ನಿಧಾನವಾಗಿ ಓದಿದಿರಿ. ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಅವ್ವಾ, ಕೊನೇತನಕ ನೋಡ್ಕೋತೀನಿ ಅಂತ ನಿಮ್ಮ ಮಗ ಬರೆದುಕೊಟ್ಟಾನ. ಇದೇ ನಿಮ್ಮ ಬಲ’ ಅಂದಿರಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಹಾಗೆ ಮಾತು ಕೊಟ್ಟು ತಪ್ಪಿದರೆ ಪತ್ರ ರದ್ದು ಮಾಡಿಸಬಹುದು ಅನ್ನೋದು ನಮಗೆ ಗೊತ್ತೇ ಇರಲಿಲ್ಲ. ಅದೇ ಕಾಯ್ದೆಯ 17ನೇ ಕಲಂನಲ್ಲಿ ವಕೀಲರು ಪರವಾಗಿ ವಾದಿಸುವಂತಿಲ್ಲ ಅಂತ ಇದೆಯಂತೆ. ಫೀಸಿಲ್ಲ, ವಕಾಲತ್ತಿಲ್ಲ. ಆದರೂ ಅರ್ಜಿ ಬರೆದುಕೊಟ್ಟಿರಿ.

ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಬೇರೆ. ಅರ್ಜಿ ಕೊಡುವ ಮುಂಚೆ ಅಣ್ಣನಿಗೆ ಫೋನ್ ಮಾಡಿಸಿದಿರಿ. ಬೈಯಲಿಲ್ಲ. ‘ತಮ್ಮಾ, ಒಂದ್ಸಲ ಬಂದು ಅವ್ವನ ಜೊತೆ ಚಹಾ ಕುಡಿ’ ಅಂದಿರಿ, ಅಷ್ಟೇ. ಅಣ್ಣ ಬಂದ. ಎರಡು ಗಂಟೆ ಮಾತಾಯಿತು. ಅತ್ತ. ಅರ್ಜಿ ಇನ್ನೂ ಅವ್ವನ ಟ್ರಂಕಿನಲ್ಲೇ ಇದೆ.

ಅವ್ವ ಈಗ ತನ್ನ ಮನೆಯಲ್ಲೇ ಇದ್ದಾಳೆ. ನಿಮ್ಮ ಹೆಸರು ಕೇಳಲಿಲ್ಲವಲ್ಲ ಅಂತ ದಿನಾ ಕೊರಗುತ್ತಾಳೆ. ಮನೆಗೆ ಬನ್ನಿ ಸರ್. ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡ್ತಾಳಂತೆ.